ಕೊನೆಯ ಕಂತಿನ ಬಾಗಿಲು

"ಆ ಬಾಗಿಲ ಹಿಂದೆ ಏನಿದೆ ಅಂತ ನಂಗೊಬ್ಬಳಿಗಾದ್ರೂ ಹೇಳಿಬಿಡಿ, ಯಾನೋಟಾ ಅವ್ರೇ," ಎಂದಳು ಮಾಂಸದಂಗಡಿಯ ಹೆಂಗಸು, ಕತ್ತಿಯನ್ನು ಏಪ್ರನ್ನಿಗೆ ಒರೆಸುತ್ತ. ಸಾಲಿನಲ್ಲಿ ನಿಂತಿದ್ದವರೆಲ್ಲ ವ್ಲಾಸ್ತಿಮಿಲ್ ಯಾನೋಟಾನ ಕಡೆ ತಿರುಗಿದರು.

ಅವನು ನಗಲು ನೋಡಿದ. "ಈಗಲೇ ಹೇಳಿದ್ರೆ ಕೊನೇ ಕಂತು ಯಾರು ನೋಡ್ತಾರೆ?"

"ಅಯ್ಯೋ, ನೋಡದೆ ಬಿಡ್ತೀವಾ? ತಪ್ಪು ತಿಳ್ಕೋಬೇಡಿ, ಹೋದ ವರ್ಷ ನಿಮ್ಮ 'ನೌಕೆ ಲೀರಾ' ಟೀವೀಲಿ ಬರೋ ಹೊತ್ತಿಗೆ ನಾನು ಇಸ್ತ್ರಿ ಮಾಡ್ತಾ ಕೂರ್ತಿದ್ದೆ. ತಲೆ ಎತ್ತೋ ಅಂಥದ್ದು ಏನೂ ಇರ್ತಿರ್ಲಿಲ್ಲ. ಮೊನ್ನೆ ಶುಕ್ರವಾರ ನಮ್ಮನೆಯವರ ಅಂಗಿ ಸುಟ್ಟೇ ಹೋಯ್ತು."

ಸಾಲಿನಲ್ಲಿ ನಗು ಎದ್ದಿತು. ಹಿಂದೆ ನಿಂತಿದ್ದ ಹ್ಯಾಟಿನ ಮುದುಕ ತಮಾಷೆಗೆ ಅಂದ: "ಹೋದ ವರ್ಷದ್ದು ಬರೆದೋನೇ ಬೇರೆ, ಈ ವರ್ಷದ್ದು ಬರೆದೋನೇ ಬೇರೆ ಅನ್ಸುತ್ತೆ ನೋಡಿ."

ವ್ಲಾಸ್ತಿಮಿಲ್‌ನ ಕಣ್ಣು ಗೋಡೆಯ ಬೆಲೆಪಟ್ಟಿಯ ಮೇಲೆ ನಿಂತಿತು. ಅಂಗಡಿಯವಳು ಕಟ್ಟೆಯ ಕೆಳಗಿನಿಂದ, ತನಗೆ ಬೇಕಾದವರಿಗೆಂದು ಎತ್ತಿಟ್ಟಿದ್ದ ಹಂದಿಮಾಂಸದ ಒಳ್ಳೆಯ ತುಂಡೊಂದನ್ನು ತೆಗೆದು ಕಟ್ಟಿಕೊಟ್ಟಳು. ಅದನ್ನು ಎದೆಗೆ ಒತ್ತಿ ಹಿಡಿದು ಹೊರಗೆ ಬಂದವನು ಟ್ರಾಮ್ ನಿಲ್ದಾಣ ದಾಟಿ ಹೋದದ್ದೂ ಅವನ ಗಮನಕ್ಕೆ ಬರಲಿಲ್ಲ.

ಮುದುಕ ಅಂದದ್ದು ನಿಜವಾಗಿತ್ತು. ಮೊದಲ ವರ್ಷದ್ದನ್ನು ಬರೆದವನು ವ್ಲಾಸ್ತಿಮಿಲ್. ನೌಕೆಯ ಗುಂಡಿಗಳು ಬಣ್ಣ ಬಳಿದ ಬಿಯರ್ ಮುಚ್ಚಳಗಳು, ಅನ್ಯಗ್ರಹದವರ ತಲೆಗೆ ಈಜುಕೊಳದ ಹಸಿರು ರಬ್ಬರ್ ಟೋಪಿ. ಕಪ್ತಾನನಿಗೆ ಯಾವುದಕ್ಕೂ ಭಯವಿಲ್ಲ. ಪ್ರತಿ ಕಂತಿನ ಕೊನೆಯಲ್ಲಿ ಕಿಟಕಿಯ ಬಳಿ ನಿಂತು ಮಾನವಕುಲದ ಭವಿಷ್ಯದ ಬಗ್ಗೆ ಒಂದು ಭಾಷಣ. ಆ ಪಾತ್ರ ಮಾಡುತ್ತಿದ್ದ ರಾದೋವಾನ್ ಬಿಯರಂಗಡಿಗೆ ಕಾಲಿಟ್ಟರೆ ಸಾಕು, ಜನ ಲೋಟ ಎತ್ತಿ ಆ ಭಾಷಣವನ್ನು ಅವನಿಗೇ ಒಪ್ಪಿಸಿ ಗೇಲಿ ಮಾಡುತ್ತಿದ್ದರು. ನಾಟಕ ವಿಭಾಗದ ಮುಖ್ಯಸ್ಥ ಸೋಬೋಟ್ಕಾ "ಇನ್ನೊಂದು ವರ್ಷ ನೋಡೋಣ, ಅಷ್ಟೆ" ಎಂದಿದ್ದ.

ಆ ಬೇಸಿಗೆಯಲ್ಲಿ ವ್ಲಾಸ್ತಿಮಿಲ್ ತನ್ನ ಅತ್ತೆಯನ್ನು ನೋಡಲು ಆಸ್ಪತ್ರೆಗೆ ಹೋದಾಗ, ಅಂಗಳದಲ್ಲಿ ಹಾಸಿಗೆ ಬಟ್ಟೆಯ ಗಾಡಿ ತಳ್ಳಿಕೊಂಡು ಯಾರ್ಮಿಲಾ ಎದುರಾದಳು. ಹಿಂದೆ ನಾಟಕ ವಿಭಾಗದಲ್ಲಿ ಅವನ ಪಕ್ಕದ ಮೇಜಿನಲ್ಲಿ ಕೂತು ಬರೆಯುತ್ತಿದ್ದವಳು. ಹೊರದೇಶದ ಸೇನೆಯ ಟ್ಯಾಂಕುಗಳು ದೇಶದೊಳಕ್ಕೆ ಬಂದ ಮೇಲೆ, ಬಂದದ್ದು ಒಳ್ಳೆಯದಾಯಿತು ಎಂದು ಎಲ್ಲರೂ ಒಬ್ಬೊಬ್ಬರಾಗಿ ಹೇಳಬೇಕಾಗಿ ಬಂದಿತ್ತು. ವ್ಲಾಸ್ತಿಮಿಲ್ ಹೇಳಿದ. ಯಾರ್ಮಿಲಾ ಹೇಳಲಿಲ್ಲ. ಅಂದಿನಿಂದ ಅವಳ ಹೆಸರು ಯಾವ ಪರದೆಯ ಮೇಲೂ ಬರುವಂತಿರಲಿಲ್ಲ.

"ನಿನ್ನ ಕಪ್ತಾನನನ್ನ ನೋಡ್ದೆ," ಎಂದಿದ್ದಳು ಅವಳು, ಗಾಡಿಗೆ ಒರಗಿಕೊಂಡು. "ಅವನಿಗೆ ಭಯಾನೇ ಇಲ್ಲ, ವ್ಲಾಸ್ತಾ. ಭಯ ಇಲ್ಲದೋನ ಪಕ್ಕ ಯಾರು ಕೂತ್ಕೋತಾರೆ?"

"ಹಾಗಾದ್ರೆ ನೀನೇ ಬರಿ."

ಬಾಯಿ ತಪ್ಪಿ ಬಂದ ಮಾತು. ಆದರೆ ಇಬ್ಬರೂ ಅದನ್ನು ಅಲ್ಲಿಗೇ ಬಿಡಲಿಲ್ಲ.

ಭಾನುವಾರಗಳಂದು ಅಣಬೆಯ ಬುಟ್ಟಿ ಹಿಡಿದು ಇಬ್ಬರೂ ಊರಾಚೆಯ ಕಾಡಿಗೆ ಬೇರೆ ಬೇರೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅವಳು ನಡೆಯುತ್ತ ಕಂತನ್ನು ಮಾತು ಮಾತಾಗಿ ಹೇಳುತ್ತಿದ್ದಳು, ಅವನು ತಲೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ಟೈಪು ಮಾಡುತ್ತಿದ್ದ. ಅವಳ ಕೈಬರಹದ ಒಂದಕ್ಷರವೂ ಎಲ್ಲಿಯೂ ಇರಲಿಲ್ಲ. ಹೊಸ ಕಥೆಯಲ್ಲಿ ಹಸಿರು ಟೋಪಿಯವರಿರಲಿಲ್ಲ, ಕಣ್ಣಿಗೆ ಕಾಣುವ ಶತ್ರುವೇ ಇರಲಿಲ್ಲ. ನೌಕೆಯ ಕೊನೆಯಲ್ಲಿ ಯಾರ ಹತ್ತಿರವೂ ಬೀಗದಕೈ ಇಲ್ಲದ ಒಂದು ಬಾಗಿಲು. ಅದರ ಹಿಂದೆ ಯಾರೋ ತಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಗುಮಾನಿ ನೌಕೆಯವರಿಗೆ ಮೆಲ್ಲಗೆ ಹತ್ತುತ್ತದೆ. ಮನಸ್ಸಿನ ಮಾತು ಆಡಬೇಕಾದಾಗ ಅವರು ಮೊದಲು ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಮಾತು ಮುಳುಗಲೆಂದು ನೀರು ಬಿಡುತ್ತಾರೆ. ಕಪ್ತಾನ ತನ್ನ ಭಾಷಣವನ್ನು ಈಗಲೂ ಮಾಡುತ್ತಾನೆ, ಆದರೆ ಬಾಗಿಲ ಕಡೆ ಕಣ್ಣಿಟ್ಟುಕೊಂಡು.

ನಲ್ಲಿಯ ಪ್ರಸಂಗ ಟೈಪು ಮಾಡುವಾಗ ವ್ಲಾಸ್ತಿಮಿಲ್‌ನ ಬೆರಳು ನಿಂತಿದ್ದವು. ಅವನ ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು, ಎಲ್ಲರ ಮನೆಯಲ್ಲೂ. ಆದರೂ ಟೈಪು ಮಾಡಿದ. ಅದು ಬಾಹ್ಯಾಕಾಶದ ಕಥೆ, ಮಕ್ಕಳು ನೋಡುವಂಥದ್ದು ಎಂದುಕೊಂಡು ಸೋಬೋಟ್ಕಾ ಸಹಿ ಹಾಕಿದ. ಶುಕ್ರವಾರ ಸಂಜೆಗಳಲ್ಲಿ ಬೀದಿಗಳು ಬರಿದಾಗತೊಡಗಿದವು. ಜನ ಹೊಗಳಿದಷ್ಟೂ ವ್ಲಾಸ್ತಿಮಿಲ್ ಸೊರಗಿದ. ಇಪ್ಪತ್ತು ವರ್ಷ ಸಪ್ಪೆಯಾಗಿ ಬರೆದವನು ಇದ್ದಕ್ಕಿದ್ದಂತೆ ಹೀಗೆ ಬರೆದರೆ ಯಾರಿಗಾದರೂ ಅನುಮಾನ ಬಾರದೆ ಇರುತ್ತದೆಯೆ?

ಈಗ ಕೊನೆಯ ಕಂತೊಂದು ಉಳಿದಿತ್ತು. ಬಾಗಿಲು ತೆರೆಯಲೇಬೇಕಾದ ಕಂತು. ಅದನ್ನು ಯಾರ್ಮಿಲಾ ಇನ್ನೂ ಹೇಳಿರಲಿಲ್ಲ. ಹಿಂದಿನ ಭಾನುವಾರ ಅವಳು ಕಾಡಿಗೆ ಬರಲಿಲ್ಲ. ಅದರ ಹಿಂದಿನ ಭಾನುವಾರವೂ ಬಂದಿರಲಿಲ್ಲ. ಅವಳ ಮನೆಗೆ ಹೋಗುವಂತಿಲ್ಲ, ಫೋನು ಮಾಡುವಂತಿಲ್ಲ, ಆಸ್ಪತ್ರೆಯಲ್ಲಿ ವಿಚಾರಿಸುವಂತಿಲ್ಲ.

ಮರುದಿನ ಬೆಳಗ್ಗೆ ಸೋಬೋಟ್ಕಾನ ಫೋನು ಬಂತು. "ಬಂದು ಹೋಗು. ಈಗಲೇ."

ಸ್ಟುಡಿಯೋದ ಮೊಗಸಾಲೆಯಲ್ಲೇ ಸೋಬೋಟ್ಕಾ ಅವನನ್ನು ತಡೆದು ನಿಲ್ಲಿಸಿದ. ದಪ್ಪ ಮನುಷ್ಯ, ಯಾವಾಗಲೂ ಚಟಾಕಿ ಹಾರಿಸುವವನು. ಈಗ ಅವನ ಮುಖ ಸುಣ್ಣದಂತಿತ್ತು. "ಪ್ರಾಗ್‌ನಿಂದ ಮೇಲಿನೋರು ಒಬ್ರು ಬಂದಿದಾರೆ. ಕೇಳಿದ್ದಕ್ಕೆ ಉತ್ತರ ಕೊಡು. ಜಾಸ್ತಿ ಮಾತು ಬೇಡ."

ಬಂದವನು ಕಿಟಕಿಯ ಬಳಿ ಕೂತು ಕಾಫಿಗೆ ಸಕ್ಕರೆ ಕಲಕುತ್ತಿದ್ದ. ನಲವತ್ತರ ಆಸುಪಾಸು, ಶಾಲಾ ಮಾಸ್ತರನಂಥ ಮುಖ. ಹೆಸರು ಹೇಳಲಿಲ್ಲ, ಎದ್ದು ಕೈ ಕುಲುಕಿದ.

"ಕೂತ್ಕೊಳ್ಳಿ, ಕಾಮ್ರೇಡ್ ಯಾನೋಟಾ. ನಾವು ಮನೆಮಂದಿಯೆಲ್ಲ ನಿಮ್ಮ ಸೀರಿಯಲ್ ಬಿಡದೆ ನೋಡ್ತೀವಿ. ಮೊದಲನೇ ವರ್ಷಕ್ಕೂ ಇದಕ್ಕೂ ಅಜಗಜಾಂತರ ಬಿಡಿ. ಹೇಗೆ ಬಂತು ಈ ಬದಲಾವಣೆ?"

"ಜನ ನಕ್ಕರಲ್ಲ," ಎಂದ ವ್ಲಾಸ್ತಿಮಿಲ್. "ನಕ್ಕಾಗ ಕಲೀತೀವಿ."

"ಒಬ್ರೇ ಕಲಿತ್ರಾ?"

"ಒಬ್ಬನೇ."

ಅವನು ಕಾಫಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. "ಒಳ್ಳೇದು. ನನ್ನ ಹೆಂಡತಿ ಒಂದು ಪ್ರಶ್ನೆ ಕೇಳ್ಕೊಂಡು ಬಾ ಅಂದಿದಾಳೆ. ಆ ಬಾಗಿಲ ಹಿಂದೆ ಏನಿದೆ?"

ಸೋಬೋಟ್ಕಾ ತನ್ನ ಬೂಟುಗಳನ್ನು ನೋಡತೊಡಗಿದ.

ವ್ಲಾಸ್ತಿಮಿಲ್‌ನ ತಲೆಯಲ್ಲಿ ಲೆಕ್ಕ ಓಡಿತು. ಎರಡು ಭಾನುವಾರ ಯಾರ್ಮಿಲಾ ಬಂದಿಲ್ಲ. ಅವಳನ್ನು ಹಿಡಿದಿದ್ದಾರೆ. ಇದೇ ಪ್ರಶ್ನೆಯನ್ನು ಅವಳಿಗೂ ಕೇಳಿದ್ದಾರೆ, ಅವಳು ಏನೋ ಒಂದು ಉತ್ತರ ಕೊಟ್ಟಿದ್ದಾಳೆ. ಈಗ ತನ್ನ ಉತ್ತರವನ್ನು ಅದರ ಪಕ್ಕ ಇಟ್ಟು ನೋಡುತ್ತಾರೆ. ತಾನೇ ಬರೆದ ಕಥೆಯ ಕೊನೆ ತನಗೆ ಗೊತ್ತಿಲ್ಲ ಎಂದು ಹೇಳುವುದಕ್ಕಾಗುತ್ತದೆಯೆ? ಅವಳು ಏನಂದಿರಬಹುದು? ಕಾಡಿನ ಹಾದಿಗಳನ್ನೆಲ್ಲ ಅವನ ಮನಸ್ಸು ಓಡಿ ಬಂತು. ಎಲ್ಲೂ ಅವಳು ಒಂದು ಸುಳಿವು ಕೊಟ್ಟಿರಲಿಲ್ಲ.

"ಹೇಳಿದ್ರೆ ನಾನು ಯಾರಿಗೂ ಹೇಳಲ್ಲ," ಎಂದು ಆ ಮನುಷ್ಯ ಮುಗುಳ್ನಕ್ಕ.

"ಏನೂ ಇಲ್ಲ," ಎಂದ ವ್ಲಾಸ್ತಿಮಿಲ್.

"ಏನೂ ಇಲ್ಲ ಅಂದ್ರೆ?"

"ಖಾಲಿ ಕೋಣೆ. ಬಾಗಿಲು ತೆಗೀತಾರೆ, ಒಳಗೆ ಯಾರೂ ಇಲ್ಲ."

ಆ ಮನುಷ್ಯ ಅವನನ್ನೇ ನೋಡುತ್ತ ಕೂತ. ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಕೇಳಿಸಿ, ದೂರವಾಗಿ, ನಿಂತಿತು.

"ಅಂದ್ರೆ ಯಾರೂ ಕೇಳಿಸ್ಕೊಳ್ತಾ ಇರ್ಲಿಲ್ಲ," ಎಂದ ಅವನು ಕೊನೆಗೆ, ಒಂದೊಂದೇ ಮಾತು ಬಿಡಿಸಿ. "ಅವರೇ ಸುಮ್‌ಸುಮ್ನೆ ಹೆದರ್ಕೊಂಡಿದ್ರು."

"ಹೌದು."

"ಭೇಷ್." ಅವನು ಎದ್ದು ಕೋಟು ಹಾಕಿಕೊಂಡ. "ಇದೇ ಬೇಕಾಗಿತ್ತು. ಪ್ರಾಗ್‌ನಲ್ಲಿ ಕೆಲವರಿಗೆ ಬೇರೆ ಥರ ಅನ್ನಿಸಿತ್ತು. ನಾನು ಅವರಿಗೆ ಹೇಳ್ತೀನಿ. ಕಾಮ್ರೇಡ್ ಸೋಬೋಟ್ಕಾ, ಇದು ಬದಲಾಗದ ಹಾಗೆ ನೋಡ್ಕೊಳ್ಳಿ."

ಬಾಗಿಲು ಮುಚ್ಚಿದ ಮೇಲೆ ಸೋಬೋಟ್ಕಾ ಆ ಮನುಷ್ಯ ಅರ್ಧ ಬಿಟ್ಟ ಕಾಫಿಯನ್ನೇ ಎತ್ತಿ ಕುಡಿದುಬಿಟ್ಟ.

ಭಾನುವಾರ ಅವನು ಕಾಡಿಗೆ ಹೋದದ್ದು ಅವಳು ಬರುವಳೆಂಬ ನಂಬಿಕೆಯಿಂದಲ್ಲ, ಮನೆಯಲ್ಲಿ ಕೂರಲಾಗದೆ. ಆದರೆ ಯಾರ್ಮಿಲಾ ಬಸ್ಸಿಳಿದು ಬುಟ್ಟಿ ಬೀಸುತ್ತ ಬಂದಳು. ಕಣ್ಣ ಕೆಳಗೆ ಕಪ್ಪು.

"ಮಗಳಿಗೆ ಗದ್ದಬಾವು," ಎಂದಳು. "ಒಂದು ಕೆನ್ನೆ ಇಳೀತು ಅನ್ನೋಷ್ಟರಲ್ಲಿ ಇನ್ನೊಂದು. ಏನೋ ಹಾಗೆ ನೋಡ್ತೀಯ? ದೆವ್ವ ಕಂಡೋನ ಹಾಗೆ."

ಅವನು ಅಲ್ಲೇ ಹಾದಿಯ ಮೇಲೆ ಕುಕ್ಕರಿಸಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಎಲ್ಲವನ್ನೂ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ನಿನ್ನ ಕೊನೆ ಏನಿತ್ತು?" ಎಂದು ಅವನು ಕೇಳಿದ.

"ಬಿಡು. ಇನ್ನು ಅದರಿಂದ ಏನು ಪ್ರಯೋಜನ?" ಅವಳು ತರಗೆಲೆಯನ್ನು ಕಡ್ಡಿಯಿಂದ ಸರಿಸಿ, ಅಲ್ಲಿದ್ದ ಅಣಬೆಯನ್ನು ನೋಡಿ, ಕೀಳದೆ ಮುಂದೆ ಹೋದಳು. "ಹಾಗಾದ್ರೆ ಇಷ್ಟು ದಿನ ಜನ ಸುಮ್ನೆ ಹೆದರಿದ್ದು ಅಂತಾಯ್ತು. ಅವರು ಮನೇಲಿ ನೀರು ಬಿಡೋದೂ ಸುಮ್ನೆ ಅಂತಾಯ್ತು."

"ನಾನು ಇನ್ನೇನು ಹೇಳ್ಬೇಕಿತ್ತು, ಯಾರ್ಮಿಲಾ?"

"ನಿನ್ನ ಬೈತಿಲ್ಲ ಕಣೋ. ನೀನು ಬೇರೆ ಏನಾದ್ರೂ ಅಂದಿದ್ರೆ ನನ್ನ ಮಗಳು ಇವತ್ತು ಯಾರ ಮನೇಲಿ ಇರ್ತಿದ್ಲೋ." ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. "ಖಾಲಿ ಕೋಣೆ ಅಂದಿದೀಯ, ಖಾಲಿ ಕೋಣೆ ಬರಿ. ಅದಕ್ಕೆ ನಾನು ಬೇಕಾಗಿಲ್ಲ." ಅವಳು ಮುಂಚಿನ ಬಸ್ಸಿಗೇ ಹೊರಟುಹೋದಳು.

ಅವನು ಹಾಗೆಯೇ ಬರೆದ. ಬಹಳ ದಿನಗಳ ಮೇಲೆ ಸ್ವಂತವಾಗಿ ಬರೆದ ಕಂತು. ಮೊದಲ ವರ್ಷದಂತೆಯೇ ಸಪ್ಪೆಯಾಗಿ ಬಂತು.

ಚಿತ್ರೀಕರಣದ ದಿನ ಸೋಬೋಟ್ಕಾ ಮೇಲಿನ ಗಾಜಿನ ಕೋಣೆಯಲ್ಲಿ ಸ್ಕ್ರಿಪ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೆಳಗೆ, ಬಾಗಿಲ ಹಿಂದೆ, ಬೂದು ಬಣ್ಣ ಬಳಿದ ಮೂರು ಗೋಡೆಗಳು. ಬೆಳ್ಳಿ ಬಣ್ಣದ ಅಂಗಿ ತೊಟ್ಟ ರಾದೋವಾನ್ ಒಳಗೆ ಬಂದು ಸುತ್ತ ನೋಡಿ, "ಯಾರೂ ಇಲ್ಲ" ಎಂದು ನಿಟ್ಟುಸಿರು ಬಿಟ್ಟು ಹೊರಗೆ ಹೋಗಬೇಕು. ಒಂದು ಸಲ ಅಭ್ಯಾಸಕ್ಕೆಂದು ಮಾಡಿದ. ಲೈಟಿನವನು ಆಕಳಿಸಿದ.

"ಇಷ್ಟೇನಾ?" ರಾದೋವಾನ್ ವ್ಲಾಸ್ತಿಮಿಲ್‌ನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ಈ ವರ್ಷ ಬಿಯರಂಗಡೀಲಿ ಯಾರೂ ನನ್ನ ಗೇಲಿ ಮಾಡಿಲ್ಲ, ವ್ಲಾಸ್ತಾ. ನಾನು ಒಳಗೆ ಹೋದ್ರೆ ಜಾಗ ಬಿಟ್ಟು ಕೊಡ್ತಾರೆ. ಇದನ್ನ ನೋಡಿದ್ಮೇಲೆ ಏನಂತಾರೆ?"

ವ್ಲಾಸ್ತಿಮಿಲ್ ಖಾಲಿ ಕೋಣೆಯನ್ನು ನೋಡುತ್ತ ನಿಂತ. ಸಕ್ಕರೆ ಕಲಕುತ್ತಿದ್ದ ಆ ಕೈ, ಆ ಮುಗುಳ್ನಗೆ ನೆನಪಾದವು. ಆಮೇಲೆ ತನ್ನ ಬಾಯಿಯಿಂದ ಮಾತು ಹೊರಡುವುದನ್ನು ಅವನೇ ಕೇಳಿಸಿಕೊಂಡ: "ಒಳಗೆ ಒಂದು ಕುರ್ಚಿ ಇಡಿ. ಬಾಗಿಲ ಕಡೆ ಮುಖ ಮಾಡಿ."

ಯಾರೋ ಮರದ ಕುರ್ಚಿಯೊಂದನ್ನು ತಂದಿಟ್ಟರು. ವ್ಲಾಸ್ತಿಮಿಲ್ ರಾದೋವಾನ್‌ನ ಕಿವಿಯಲ್ಲಿ ಒಂದು ಮಾತು ಹೇಳಿದ. ನಟ ಅವನ ಮುಖವನ್ನೊಮ್ಮೆ ನೋಡಿ ತಲೆಯಾಡಿಸಿದ.

ಅಷ್ಟರಲ್ಲಿ ಸೋಬೋಟ್ಕಾ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದ. "ಇದು ಸ್ಕ್ರಿಪ್ಟಲ್ಲಿಲ್ಲ."

"ಕುರ್ಚಿ ತಾನೆ."

"ಕೋಣೆ ಖಾಲಿ ಇರ್ಬೇಕು ಅಂದಿದಾರೆ."

"ಖಾಲಿ ಕೋಣೇನೇ. ಯಾರಾದ್ರೂ ಕೂತಿದಾರಾ ನೋಡಿ."

ಸೋಬೋಟ್ಕಾ ಕುರ್ಚಿಯನ್ನು ನೋಡಿದ, ವ್ಲಾಸ್ತಿಮಿಲ್‌ನನ್ನು ನೋಡಿದ. ಮೆಲ್ಲಗೆ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ. "ಇದಿಲ್ದೆ ನಂಗೆ ಏನೂ ಕಾಣ್ಸಲ್ಲ," ಎಂದ. "ಬೇಗ ಮುಗಿಸ್ಕೊಳ್ಳಿ."

ಶುಕ್ರವಾರ ವ್ಲಾಸ್ತಿಮಿಲ್ ತನ್ನ ಹೆಂಡತಿ ಲಿಬುಶೆಯ ಪಕ್ಕ ಕೂತು ನೋಡಿದ. ಪರದೆಯ ಮೇಲೆ ಬಾಗಿಲು ತೆರೆಯಿತು. ಕಪ್ತಾನ ಒಳಗೆ ಬಂದು ಸುತ್ತ ನೋಡಿ, "ಯಾರೂ ಇಲ್ಲ" ಎಂದ. ನೌಕೆಯವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅವರೆಲ್ಲ ಹೊರಗೆ ಹೋದ ಮೇಲೆ ಕಪ್ತಾನ ಕುರ್ಚಿಯ ಬಳಿ ಬಗ್ಗಿ ಅದರ ಮೇಲೆ ಅಂಗೈ ಇಟ್ಟ. ಒಲೆಗೆ ತಾಕಿದವನಂತೆ ತಟ್ಟನೆ ಕೈ ಎಳೆದುಕೊಂಡ. ಅಂಗೈಯನ್ನು ನೋಡಿಕೊಂಡ. ಬಾಗಿಲಾಚೆ ಉಳಿದವರು ಇನ್ನೂ ನಗುತ್ತಿದ್ದರು. ಅವನು ಅವರ ಕಡೆ ತಿರುಗಿದ, ಏನೂ ಹೇಳಲಿಲ್ಲ. ಅಲ್ಲಿಗೆ ಕಂತು ಮುಗಿಯಿತು.

"ಯಾರೋ ಈಗಷ್ಟೇ ಎದ್ದು ಹೋಗಿದಾರೆ, ಕುರ್ಚಿ ಇನ್ನೂ ಬೆಚ್ಚಗಿದೆ," ಎಂದಳು ಲಿಬುಶೆ. ಆಮೇಲೆ ಎದ್ದು ಹೋಗಿ ಅವನ ಬೆಚ್ಚನೆಯ ಒಳ ಅಂಗಿಗಳನ್ನು ಒಂದು ಸಣ್ಣ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು.

ಅವನನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಪ್ರಾಗ್‌ನವನು ಮತ್ತೆ ಕಾಣಿಸಿಕೊಳ್ಳಲಿಲ್ಲ. ವಸಂತ ಬಂದಾಗ ವ್ಲಾಸ್ತಿಮಿಲ್‌ನನ್ನು ಕಾರಣ ಹೇಳದೆ ಕೃಷಿ ಕಾರ್ಯಕ್ರಮಗಳಿಗೆ ಹಾಕಿದರು. ಅವನು ಸಕ್ಕರೆ ಬೀಟ್‌ರೂಟಿನ ಬಗ್ಗೆ ಬರೆಯುತ್ತಲೇ ನಿವೃತ್ತನಾದ. ಚೀಲ ಮಾತ್ರ ಬಹಳ ಕಾಲ ಬಾಗಿಲ ಬಳಿಯೇ ಇತ್ತು. ಅದೆಲ್ಲ ಆಮೇಲಿನ ಮಾತು.

ಆ ಕಂತು ಬಂದ ಮೇಲಿನ ಭಾನುವಾರ ಅವನು ಕಾಡಂಚಿನಲ್ಲಿ, ಕಡಿದ ಮರದ ಬೊಡ್ಡೆಯೊಂದರ ಮೇಲೆ ಕೂತಿದ್ದ. ಅಣಬೆಯ ಕಾಲ ಮುಗಿದಿತ್ತು. ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಯಾರ್ಮಿಲಾ ಖಾಲಿ ಬುಟ್ಟಿ ಹಿಡಿದು ಬರುವುದನ್ನು ಕಂಡು ಎದ್ದು ನಿಂತ. ಅವಳು ಬುಟ್ಟಿಯನ್ನು ಕೆಳಗಿಟ್ಟು, ಕೈಗವಸು ಕಳಚಿ, ಅವನು ಎದ್ದ ಜಾಗದ ಮೇಲೆ ಅಂಗೈ ಇಟ್ಟಳು. ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು. ಆಮೇಲೆ ಅಲ್ಲಿ ಕೂತಳು.