ಅರೆಕ್ಷಣದ ತಡೆ

ಅವರು ಹೆಜ್ಜೆಯಿಡುವ ರೀತಿಯನ್ನು ನೋಡಿದರೆ, ಕಾಲಬುಡದಲ್ಲೇ ಯಾವುದೋ ಹಸುಗೂಸು ಈಗತಾನೇ ನಿದ್ದೆಹೋಗಿದೆಯೇನೋ ಎಂಬ ಅನುಮಾನ ಯಾರಿಗಾದರೂ ಬರಬೇಕು. ಆರಡಿ ಎತ್ತರದ, ತೂಕದಲ್ಲೂ ಕಡಿಮೆಯಿಲ್ಲದ ಆ ದೇಹ ತುದಿಗಾಲಲ್ಲಿ ಮರದ ಮೆಟ್ಟಿಲುಗಳನ್ನೇರಿ ಬರುವಾಗ ಒಂದು ಹಲಗೆಯೂ ಕಿರುಗುಟ್ಟುತ್ತಿರಲಿಲ್ಲ. ಬಾಯಿ ತೆರೆದರೆ ಮೊದಲ ಮಾತು ‘ಮೆಲ್ಲಗೆ, ಮೆಲ್ಲಗೆ.’ ಬಾಗಿಲು ಹಾಕುವವರಿಗೆ, ಲೋಟ ಇಡುವವರಿಗೆ, ಕೊನೆಗೆ ಸೀನುವವರಿಗೂ ಅದೇ ಉಪದೇಶ. ಹೀಗಾಗಿ ಇಡೀ ಬೀದಿಗೆ ಅವರು ಮೆಲ್ಲಗಣ್ಣ. ಹೆಸರನ್ನು ಮೊದಲ ಸಲ ಕೇಳಿದವರು ಅದನ್ನು ಮೆಳ್ಳಗಣ್ಣ ಎಂದು ತಿಳಿದು, ಅವರ ಎರಡು ಕಣ್ಣುಗಳೂ ನೆಟ್ಟಗಿರುವುದನ್ನು ಕಂಡು ತಬ್ಬಿಬ್ಬಾಗುತ್ತಿದ್ದರು.

ಹಳೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಬಣ್ಣಗೆಡುತ್ತಿದ್ದ ಮದುವೆ, ನಾಟಕ, ಶಾಲಾ ವಾರ್ಷಿಕೋತ್ಸವಗಳನ್ನು ಡಿವಿಡಿಗೆ ಇಳಿಸಿಕೊಡುವುದು ಅವರ ಕಸುಬು. ಮಹಡಿಯ ಹೊರಕೋಣೆಯಲ್ಲಿ ನಾನು ಮುದ್ರಣಾಲಯದ ಕರಡು ತಿದ್ದುತ್ತ ಕೂರುತ್ತಿದ್ದೆ, ಒಳಕೋಣೆ ಅವರದು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬೂದುಬಣ್ಣದ ಕೋಟಿನ ಜೇಬಿನಲ್ಲಿ ಸದಾ ಒಂದು ಮೆತ್ತನೆಯ ಬಟ್ಟೆಯಿರುತ್ತಿತ್ತು. ಡಿಸ್ಕನ್ನು ಅದರಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕೇ ಹೊರತು ಸುತ್ತಿಸುತ್ತಿ ಒರೆಸಕೂಡದೆಂದು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಡಿಸ್ಕಿಗೆ ಚಿತ್ರ ಇಳಿಸಲು, ಅಂದರೆ ಬರ್ನ್ ಮಾಡಲು, ಕೂತರೆ ಮೊಬೈಲ್ ಬಂದ್. ಬಾಗಿಲ ಹೊರಗೆ ಕೆಂಪಕ್ಷರದ ರಟ್ಟು: ‘ಕೆಲಸ ನಡೆದಿದೆ. ಬಡಿಯಬೇಡಿ.’ ಮಾಡಿದ ಡಿಸ್ಕನ್ನು ಮೊದಲಿನಿಂದ ಕೊನೆಯ ಚಿತ್ರದವರೆಗೂ ತಾವೇ ಕೂತು ನೋಡದೆ ಯಾರ ಕೈಗೂ ಕೊಟ್ಟವರಲ್ಲ. ಒಬ್ಬ ಗೃಹಸ್ಥನಿಗೆ ಮದುವೆಯ ಡಿಸ್ಕು ದೊರೆತ ಹೊತ್ತಿಗೆ ಅವನ ಮಗಳು ಅಂಬೆಗಾಲಿಡುತ್ತಿದ್ದಳು. ‘ಪರವಾಗಿಲ್ಲ ಬಿಡಿ, ಮಗುಗೂ ತೋರಿಸಬಹುದು’ ಎಂದು ಆತ ನಕ್ಕ, ನಾವೂ ನಕ್ಕೆವು. ಆ ನಗುವಿನಲ್ಲಿ ಎಚ್ಚರಿಕೆಯೊಂದು ಅಡಗಿತ್ತೆಂದು ಆಗ ನನಗೆ ತೋಚಲಿಲ್ಲ.

ಮೆಲ್ಲಗಣ್ಣನವರಿಗೆ ಒಬ್ಬರೇ ಅಕ್ಕ, ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ ಮಗಳೊಂದಿಗಿದ್ದವರು. ಒಂದು ಕಾಲಕ್ಕೆ ಹೆಸರುವಾಸಿಯಾದ ನರ್ತಕಿ. ಅವರ ಕಡೆಯ ಪ್ರದರ್ಶನವನ್ನು ಮೊದಲ ಸಾಲಿನಲ್ಲಿ ಕ್ಯಾಮೆರಾ ಹಿಡಿದು ನಿಂತು ಚಿತ್ರೀಕರಿಸಿದವರು ಇದೇ ತಮ್ಮ. ರಂಗದ ಮೇಲೆ ತಾನು ಹೇಗೆ ಕಾಣುತ್ತಿದ್ದೆನೆಂಬುದನ್ನು ಮಾತ್ರ ಆಕೆ ಒಮ್ಮೆಯೂ ನೋಡಿರಲಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ‘ಒಂದಲ್ಲ ಒಂದು ದಿನ ಸರಿಮಾಡಿ ತೋರಿಸ್ತೀನಿ’ ಎಂಬ ತಮ್ಮನ ಮಾತಿಗೆ ವರ್ಷಗಳೇ ಸಂದಿದ್ದವು. ಅಷ್ಟರಲ್ಲಿ ಆಕೆಯ ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರ ರೆಟಿನಾ, ಅಂದರೆ ಹಿಂಪರದೆ, ಹರಿಯತೊಡಗಿತು. ಗುರುವಾರ ಶಸ್ತ್ರಚಿಕಿತ್ಸೆ, ದೃಷ್ಟಿ ಉಳಿದೀತೆಂಬ ಭರವಸೆ ಕೊಡಲಾರೆ, ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಹೆಚ್ಚು ಓಡಾಡಕೂಡದು ಎಂದರು ವೈದ್ಯರು. ಆಕೆ ತಮ್ಮನನ್ನು ಕರೆದು ಹೇಳಿದ್ದು ಒಂದೇ ಮಾತು: ‘ಗುರುವಾರದೊಳಗೆ ನನಗೆ ಅದನ್ನೊಂದ್ಸಲ ತೋರಿಸಿಬಿಡೋ.’

ಬೂಷ್ಟನ್ನು ಬಿಡಿಸಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದವರು ಪರವೂರಿನ ಒಬ್ಬ ಹಳೆಯ ಸಹೋದ್ಯೋಗಿ. ಇಡೀ ಪ್ರದರ್ಶನವನ್ನು ಡಿಸ್ಕಿನ ಪಡಿಯಚ್ಚಿನಂಥ ಒಂದೇ ಇಮೇಜ್ ಫೈಲಾಗಿಸಿ ಹಾರ್ಡ್ ಡಿಸ್ಕಿನಲ್ಲಿ ಅವರು ಕಳಿಸಿದ್ದು ಶನಿವಾರ ಕೈಸೇರಿತು. ಮಾಮೂಲಿ ಡಿವಿಡಿಯಲ್ಲಿ ಹಿಡಿಯದಷ್ಟು ದೊಡ್ಡದು. ಡ್ಯುಯಲ್ ಲೇಯರ್ ಡಿಸ್ಕೇ ಆಗಬೇಕು. ಅಂಥ ಡಿಸ್ಕಿನಲ್ಲಿ ಒಂದರ ಕೆಳಗೊಂದು ಎರಡು ಪದರ. ಮೇಲಿನದು ಮುಗಿದಲ್ಲಿ ಬೆಳಕಿನ ಸೂಜಿ ಕೆಳಗಿನದಕ್ಕೆ ದಾಟಿಕೊಳ್ಳಬೇಕು. ದಾಟುವ ಜಾಗ ತಪ್ಪಿದರೆ ಚಿತ್ರ ಮುಗ್ಗರಿಸುತ್ತದೆ. ಮೊದಲ ಡಿಸ್ಕು ಒಂದು ಗಂಟೆ ನಾಲ್ಕು ನಿಮಿಷಕ್ಕೆ ಸರಿಯಾಗಿ ಮುಗ್ಗರಿಸಿತು. ಅರೆಕ್ಷಣ ಅಕ್ಕ ಕಲ್ಲಾದಳು, ಮತ್ತೆ ಕುಣಿದಳು.

‘ಇಷ್ಟೇ ತಾನೇ? ಕೊಟ್ಟುಬಿಡಿ’ ಎಂದೆ.

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ‘ಅಕ್ಷರದವರೇ, ನಿಮ್ಮ ಪುಸ್ತಕದ ನಟ್ಟನಡುವೆ ಒಂದು ತಪ್ಪಿದ್ರೆ ಬಿಡ್ತೀರಾ?’

ಭಾನುವಾರ ಬೇರೆ ಕಂಪನಿಯ ಡಿಸ್ಕು ತಂದರು. ಅದೇ ಜಾಗದಲ್ಲಿ ಅದೇ ತಡೆ. ಸೋಮವಾರ ಬರ್ನ್ ಮಾಡುವ ವೇಗವನ್ನು ಎಂಟು ಪಟ್ಟಿನಿಂದ ಎರಡೂವರೆ ಪಟ್ಟಿನ ಹತ್ತಿರಕ್ಕೆ ಇಳಿಸಿದರು. ಮಂಗಳವಾರ ಕೇಬಲ್ ಬದಲಾಯಿತು, ಡ್ರೈವೇ ಬದಲಾಯಿತು. ಎರಡು ಮಾಮೂಲಿ ಡಿಸ್ಕುಗಳಿಗೆ ಹಂಚಿಬಿಡಿ ಎಂದರೆ, ‘ಅಕ್ಕನ ಕುಣಿತಾನ ಕತ್ತರಿಸೋದಾ?’ ಎಂದು ಕಿವಿ ಮುಚ್ಚಿಕೊಂಡರು. ಕಂಪ್ಯೂಟರನ್ನೇ ಹೊತ್ತು ಅಕ್ಕನ ಮನೆಗೆ ಒಯ್ಯೋಣವೆಂದೆ. ಅಷ್ಟು ಚಿಕ್ಕ ಪರದೆಯಲ್ಲಿ, ಅಷ್ಟು ಮಂದಗಣ್ಣಿಗೆ ಏನು ಕಂಡೀತು, ಮನೆಯ ದೊಡ್ಡ ಟೀವಿಯಲ್ಲೇ ನೋಡಬೇಕು ಎಂದರು. ಕಳಿಸಿದವರಿಗೊಂದು ಫೋನ್ ಮಾಡಿ ಕೇಳಬಾರದೇ ಎಂದಾಗ ಮಾತ್ರ ಮುಖ ಬಿಗಿಯಿತು. ಮೂವತ್ತು ವರ್ಷ ಈ ಕೆಲಸದಲ್ಲಿ ಕೈ ಸವೆಸಿದ ಮನುಷ್ಯ ಇನ್ನೊಬ್ಬರನ್ನು ಕೇಳುವುದೆಂದರೆ ಏನು! ಮೇಜಿನ ಮೇಲೆ ಅರೆಕ್ಷಣದ ಕಳಂಕ ಹೊತ್ತ ನಾಲ್ಕು ಡಿಸ್ಕುಗಳು ಸಾಲಾಗಿ ಬಿದ್ದಿದ್ದವು.

ಬುಧವಾರ ಬೆಳಗ್ಗೆ ಅವರಿಗೆ ರೋಗಮೂಲ ಸಿಕ್ಕಿತು. ಇಮೇಜ್ ಫೈಲಿನ ಜೊತೆ ಅದೇ ಹೆಸರಿನ ಇನ್ನೊಂದು ಪುಟ್ಟ ಫೈಲಿತ್ತು. ಕಸವೆಂದು ಬದಿಗೆ ಸರಿಸಿದ್ದ ಅದರೊಳಗೆ ಇದ್ದದ್ದು ಎರಡೇ ಸಾಲು. ಮೊದಲ ಪದರ ಎಲ್ಲಿ ಮುಗಿಯಬೇಕೆಂಬ ಅಂಕೆ ಅದರಲ್ಲೇ ಇತ್ತು. ಆ ಪುಟ್ಟದನ್ನು ತೆರೆದು ಬರ್ನ್ ಮಾಡಿದ್ದರೆ ದೊಡ್ಡದು ತಾನಾಗಿ ಹಿಂದೆ ಬರುತ್ತಿತ್ತು. ಇವರು ನಾಲ್ಕು ದಿನವೂ ದೊಡ್ಡದೊಂದನ್ನೇ ಹಾಕಿ, ಎಲ್ಲಿ ದಾಟಬೇಕೆಂಬುದನ್ನು ಯಂತ್ರದ ಅಂದಾಜಿಗೆ ಬಿಟ್ಟಿದ್ದರು. ‘ಕಣ್ಣೆದುರಿಗೇ ಇತ್ತಲ್ರೀ!’ ಎಂದು ಹಣೆ ಚಚ್ಚಿಕೊಂಡು ನಕ್ಕು ಒಳಗೆ ಹೋದರು. ಬಾಗಿಲು ಮುಚ್ಚಿತು, ಕೆಂಪಕ್ಷರದ ರಟ್ಟು ನೇತಾಡಿತು.

ಹನ್ನೊಂದೂವರೆಗೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಅಕ್ಕನದೇ ದನಿ, ನಿಧಾನವಾದ, ತೂಕದ ದನಿ.

‘ಆಸ್ಪತ್ರೆಯಿಂದ ಹೇಳಿಕಳಿಸಿದ್ರು. ನಾಳೆ ಬೇಡ, ಇವತ್ತೇ ಮಾಡ್ತಾರಂತೆ. ಎರಡು ಗಂಟೆಗೆ ಹೊರಡ್ತೀವಿ. ಅವನ ಫೋನ್ ಹೋಗ್ತಿಲ್ಲ. ಹೇಗಿದೆಯೋ ಹಾಗೇ ತಗೊಂಡು ಬಾ ಅಂತ ಹೇಳ್ತೀರಾ?’

ಹೇಳುತ್ತೇನೆಂದೆ. ಎದ್ದು ಬಾಗಿಲ ಬಳಿ ಹೋದೆ. ಒಳಗೆ ಡ್ರೈವು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಬಡಿಯಲೆಂದು ಕೈ ಎತ್ತಿದ್ದೂ ಹೌದು. ಬಡಿದರೆ ಐದನೆಯದೂ ಕೆಟ್ಟೀತೇನೋ, ಇನ್ನು ಮುಕ್ಕಾಲು ಗಂಟೆಯಲ್ಲಿ ತಾವೇ ಹೊರಬರುತ್ತಾರಲ್ಲ ಎಂದುಕೊಂಡು ಕೈ ಇಳಿಸಿದೆ. ಮಾಡಿದ್ದನ್ನು ಪೂರ್ತಿ ನೋಡದೆ ಏಳದ ಅವರ ಹಟ ನನಗೆ ಗೊತ್ತಿಲ್ಲದ್ದೇ? ಗೊತ್ತಿತ್ತು. ಒಂದು ಗಂಟೆಗೆ ಮತ್ತೊಮ್ಮೆ ಹೋದೆ. ಬಾಗಿಲ ಸಂದಿಯಿಂದ ವಾದ್ಯಗಳ ಸದ್ದು ಸಣ್ಣಗೆ ಕೇಳಿಸಿತು. ಇನ್ನೇನು ಮುಗಿಯಿತೆಂದು ಮತ್ತೆ ಮರಳಿದೆ.

ಅವರು ಹೊರಬಂದಾಗ ಎರಡೂವರೆ. ಅಷ್ಟು ಅರಳಿದ ಮುಖವನ್ನು ಅವರಲ್ಲಿ ನಾನು ಕಂಡದ್ದು ಅದೊಂದೇ ಸಲ. ‘ಆಯ್ತು! ಕೂದಲೆಳೆಯಷ್ಟೂ ನಿಲ್ಲಲ್ಲ!’

ನಾನು ಹೇಳಿದೆ. ಅವರು ಮೆಟ್ಟಿಲಿಳಿದ ಸದ್ದು ಬೀದಿಯ ಕೊನೆಗೂ ಕೇಳಿಸಿರಬೇಕು. ಆಸ್ಪತ್ರೆ ತಲುಪುವಷ್ಟರಲ್ಲಿ ಆಕೆಯನ್ನು ಒಳಗೆ ಕರೆದೊಯ್ದಿದ್ದರು.

ದೃಷ್ಟಿ ಮರಳಲಿಲ್ಲ.

ಅವರು ನನ್ನ ಮೇಲೆ ರೇಗಬಹುದಿತ್ತು. ರೇಗಿದ್ದರೆ ನನಗೂ ಹಗುರಾಗುತ್ತಿತ್ತು. ಮರುದಿನ ಬಂದು ಆ ರಟ್ಟನ್ನು ಕಿತ್ತು ಎರಡಾಗಿ ಮಡಿಸುತ್ತ, ‘ಬಡೀಬೇಡಿ ಅಂತ ಬರೆದೋನು ನಾನೇ ಅಲ್ವಾ?’ ಎಂದರು, ಅಷ್ಟೇ.

ತಿಂಗಳ ಮೇಲೆ ಒಂದು ದಿನ ಆಕೆಯೇ ಹೇಳಿಕಳಿಸಿದರು, ಡಿಸ್ಕು ತರಬೇಕೆಂದು. ಒಬ್ಬರೇ ಹೋಗಲು ಧೈರ್ಯ ಸಾಲದೆ ಮೆಲ್ಲಗಣ್ಣ ನನ್ನನ್ನೂ ಕರೆದರು. ಕಿಟಕಿಯ ಬಳಿ ಕಪ್ಪು ಕನ್ನಡಕ ಹಾಕಿ ನೆಟ್ಟಗೆ ಕೂತಿದ್ದ ಆಕೆ, ‘ಹಾಕು. ನೋಡಿ ನೋಡಿ ಹೇಳ್ತಾ ಹೋಗು’ ಎಂದರು. ತಮ್ಮ ಹೇಳತೊಡಗಿದರು: ಈಗ ಎಡಗಡೆಯಿಂದ ಬರ್ತಿದೀಯ, ಈಗ ತಿರುಗಿದೆ, ಈಗ ನಗ್ತಿದೀಯ. ಸದಾ ‘ಮೆಲ್ಲಗೆ’ ಎನ್ನುತ್ತಿದ್ದ ಆ ಬಾಯಿಗೆ ಅಂದು ಮಾತು ಧಾರೆಯಾಗಿತ್ತು. ಒಂದು ಗಂಟೆ ನಾಲ್ಕು ನಿಮಿಷದ ಜಾಗ ಬಂತು. ಅವರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದರು. ಚಿತ್ರ ಸರಾಗವಾಗಿ ದಾಟಿತು.

‘ಯಾಕೋ ಸುಮ್ಮನಾದೆ?’

‘ಇಲ್ಲೇ ಅಕ್ಕ, ನಿಲ್ತಾ ಇದ್ದದ್ದು.’

‘ಇಲ್ಲಿ ನಾನೇನು ಮಾಡ್ತಿದೀನಿ?’

‘ಬಲಗೈ ಎತ್ತಿ… ಅಲ್ಲಾಡದೆ ನಿಂತಿದೀಯ.’

‘ಎಷ್ಟು ಹೊತ್ತು?’

ಅವರು ಹಿಂದಕ್ಕೆ ಸರಿಸಿ, ಎಣಿಸಿ ನೋಡಿದರು. ‘ನಾಲ್ಕು ಎಣಿಸೋವಷ್ಟು.’

ಆಕೆ ಮೆಲುವಾಗಿ ನಕ್ಕರು. ‘ಹುಚ್ಚಪ್ಪ, ಐದು ಎಣಿಸೋವಷ್ಟು ನಿಂತಿದ್ರೆ ಯಾರಿಗೆ ಗೊತ್ತಾಗ್ತಿತ್ತೋ?’

ಆಕೆ ಕೈ ಚಾಚಿ ತಮ್ಮನ ತೋಳನ್ನು ಹುಡುಕಿ ಹಿಡಿದು, ‘ಹೂಂ, ಮುಂದೆ ಹೇಳು’ ಎಂದರು. ಅವರು ಹೇಳಿದರು, ಕೊನೆಯವರೆಗೂ. ದನಿ ಮಾತ್ರ ಎರಡು ಕಡೆ ನಿಂತು ನಿಂತು ಮುಂದುವರಿಯಿತು.

ಇಂಥವರು ಎಲ್ಲ ಕಸುಬುಗಳಲ್ಲೂ ಇರುತ್ತಾರೆ. ಪ್ರೀತಿಪಾತ್ರರಿಗೆ ಕೊಡುವುದು ನಿಷ್ಕಳಂಕವಾಗಿರಬೇಕೆಂದು ಬಯಸುವುದು ದೋಷವೆಂದು ನಾನು ಹೇಳಲಾರೆ. ಒರಟು ಕೆಲಸವನ್ನು ಕಣ್ಣುಮುಚ್ಚಿ ದಾಟಿಸುವ ಲೋಕದಲ್ಲಿ ಅದೊಂದು ಅಪರೂಪದ ಸೌಜನ್ಯ. ಆದರೆ ಅವರ ಧ್ಯಾನವೆಲ್ಲ ಕೊಡುವ ವಸ್ತುವಿನಲ್ಲಿ ನೆಟ್ಟಿರುವಾಗ, ಕಾಯುತ್ತಿರುವವರ ಕಾಲ ಸದ್ದಿಲ್ಲದೆ ಮುಗಿದುಹೋಗುತ್ತದೆ. ಅವರ ಸುತ್ತಲಿನ ನಾವೋ, ಆ ತನ್ಮಯತೆಗೆ ಗೌರವ ಕೊಡುತ್ತಿದ್ದೇವೆಂದು ನಂಬಿಕೊಂಡು, ಹೇಳಬೇಕಾದ ಒಂದು ಮಾತನ್ನು ನಾಲಿಗೆಯ ಮೇಲೇ ಇಟ್ಟುಕೊಂಡು ಸುಮ್ಮನಿರುತ್ತೇವೆ. ಅವರ ಹಟದಲ್ಲಿ ಪ್ರೀತಿಯಾದರೂ ಇತ್ತು. ನಮ್ಮ ಮರ್ಯಾದೆಯಲ್ಲಿ ಏನಿತ್ತೆಂಬುದು ನನಗೆ ಈಗಲೂ ತಿಳಿಯದು.