ಕಾಗವಾಡದ ಹನ್ನೆರಡು ಪೊಟ್ಟಣ

ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಕಳೆ, ಹೆದ್ದಾರಿ ಹಿಡಿದು ಮೊದಲು ನಿಪ್ಪಾಣಿಗೆ ಬಂದು, ಚಿಕ್ಕೋಡಿ, ರಾಯಬಾಗ, ಅಥಣಿ ದಾಟಿ, ಕಡೆಗೆ ಕಾಗವಾಡದ ದ್ರಾಕ್ಷಿ ತೋಟ ಸೇರಿತು ಎಂಬುದು ನಮ್ಮ ಊಹೆಯಾಗಿತ್ತು. ಹೊಸ ಊರಿಗೆ ನಾಲ್ಕೇ ಬೀಜ ಹೋಗಿ ಅವುಗಳಿಂದಲೇ ಹಬ್ಬಿದ್ದರೆ, ಮುಂದೆ ಹೋದಂತೆ ಗಿಡಗಳ ವಂಶವಾಹಿಯಲ್ಲಿ ವೈವಿಧ್ಯ ಇಳಿಯಬೇಕು. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನೂ ಗೆಳತಿ ಸ್ನೇಹಲಳೂ ಅದನ್ನೇ ಆರಿಸಿಕೊಂಡೆವು. ತಾಲೂಕಿಗೆ ಹನ್ನೆರಡು ಗಿಡದ ಎಲೆ. ಗಿಡದಿಂದ ಗಿಡಕ್ಕೆ ಒಂದು ಹೊಲದಷ್ಟಾದರೂ ದೂರ.

ನಾಲ್ಕು ಕಡೆ ಇಬ್ಬರೂ ಹೋದೆವು. ಕಾಗವಾಡಕ್ಕೆ ಮಾತ್ರ ನಾನು ಹಿಂದೇಟು ಹಾಕಿದೆ. ರಸ್ತೆ ಬದಿಯ ಕಸವನ್ನು ಕೇಳುವವರಿಲ್ಲ. ತೋಟದೊಳಗಿನದಕ್ಕೆ ಮಾಲಕರನ್ನು ಕೇಳಬೇಕು.

"ಯಾರ್ ಬೇ ನೀ ಅಂದ್ರ ಸಾಕು, ಅಲ್ಲೇ ಅಳ್ತಿ," ಎಂದು ಸ್ನೇಹಲ ನಕ್ಕಳು. "ಬಿಡ ಅಫ್ರೀನ, ನಾ ಹೋಗ್ತೀನಿ. ನನಗ ಸ್ಕೂಟಿ ಐತಿ, ಬಾಯಿನೂ ಐತಿ."

ಸಂಜೆ ಹನ್ನೆರಡು ಪೊಟ್ಟಣ ತಂದಳು. ಜೊತೆಗೆ ಕತೆಗಳನ್ನೂ ತಂದಳು. ಪಾರಿಸಮಾಮಾ ಎಂಬವರ ತೋಟದ ನಾಯಿ ಅಟ್ಟಿಸಿಕೊಂಡು ಬಂತಂತೆ. ಆಮೇಲೆ ಅವರೇ ಕೂರಿಸಿ ಚಹಾ ಕೊಟ್ಟರಂತೆ. ಅವರ ತಾಯಿ, "ಕಸಕ್ಕೂ ಸಾಲಿ ಕಲಿಸ್ತೀರೇನ್ ಯವ್ವಾ?" ಎಂದರಂತೆ. ನಾನು ಕಾಣದ ಕಾಗವಾಡವನ್ನು ಡೈರಿಯಲ್ಲಿ ನಾಲ್ಕು ಪುಟ ಬರೆದುಕೊಂಡೆ.

ಮೂರು ತಿಂಗಳ ಮೇಲೆ ಲ್ಯಾಬಿನ ವರದಿ ಬಂತು. ನಮ್ಮ ಗೈಡ್ ನೇಮಿನಾಥ ಸರ್ ಹಿಗ್ಗಿದ್ದರು.

"ನಿಪ್ಪಾಣಿಯೊಳಗ ಎಷ್ಟೊಂದು ವೈವಿಧ್ಯ, ಕಾಗವಾಡದಾಗ ಏನೂ ಇಲ್ಲ. ಇದನ್ನ ಸೆಮಿನಾರಿಗೆ ಕಳ್ಸೂಣ."

ಮನೆಗೆ ಬಂದು ವರದಿಯಲ್ಲಿನ ಕಾಗವಾಡದ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಹನ್ನೆರಡರಲ್ಲೂ ವಂಶವಾಹಿಯ ಒಂದು ಗುರುತೂ ಬೇರೆ ಇಲ್ಲ. ಈ ಕಸ ಬೀಜದಿಂದಲೇ ಹುಟ್ಟುವಂಥದ್ದು. ಒಂದೇ ತಾಯಿಗಿಡದ ಮಕ್ಕಳೂ ಹೀಗೆ ಪಡಿಯಚ್ಚು ಇರುವುದಿಲ್ಲ. ನನ್ನ ಮೂಗೇ ಬೇರೆ, ನನ್ನ ತಂಗಿ ಫಿರದೋಸಳ ಮೂಗೇ ಬೇರೆ. ಇವು ಹನ್ನೆರಡು ಗಿಡಗಳಲ್ಲ.

ಸ್ನೇಹಲಳ ಮನೆಗೆ ಹೋದೆ. "ಪಾರಿಸಮಾಮಾರ ತೋಟದ್ದು ಎಷ್ಟನೇ ಪೊಟ್ಟಣ?" ಎಂದು ಕೇಳಿದೆ.

"ಯಾವ ಪಾರಿಸಮಾಮಾ?" ಎಂದಳು. ನನ್ನ ಮುಖ ನೋಡಿದ ಮೇಲೆ ಅವಳಿಗೆ ನೆನಪಾಯಿತು. "ಅವತ್ತಿನ ಬಿಸಲ ನೋಡಿದ್ದೇನ? ಬಸ್ ಸ್ಟ್ಯಾಂಡ್ ಹಿಂದ ಒಂದ ದೊಡ್ಡ ಗಿಡ ಇತ್ತು, ಹರಕೊಂಡ ಬಂದ್ನಿ. ಎಲ್ಲಾ ಕಸಾನ ಅಲ್ಲೇನ? ಅಗ ಅಫ್ರೀನ, ನಾವ್ ಅಂದಂಗ ಬಂದೈತಲ್ಲ, ನಿಂಗೇನ್ ತ್ರಾಸ? ಸರಿಗೆ ಹೇಳಬ್ಯಾಡ."

ಗಿಡದ ಸುಳ್ಳಿಗಿಂತ ಆ ನಾಯಿಯ ಸುಳ್ಳು ಹೆಚ್ಚು ಚುಚ್ಚಿತು. ಆ ಕತೆ ಹೇಳೆಂದು ಯಾರೂ ಕೇಳಿರಲಿಲ್ಲ. ನನ್ನನ್ನು ನಂಬಿಸಲಿಕ್ಕೆಂದೇ ಹೇಳಿದ್ದಳು. ಎದ್ದು ಬಂದೆ.

ಮರುದಿನ ಸರ್ ಮುಂದೆ ನಿಂತು, "ಕಾಗವಾಡದ ಹನ್ನೆರಡೂ ಒಂದ ಗಿಡದ್ದ್ರಿ," ಎಂದೆ.

"ಗೊತ್ತಾತು," ಎಂದರು ಸರ್. ದನಿಯಲ್ಲಿ ನಿನ್ನೆಯ ಹಿಗ್ಗಿರಲಿಲ್ಲ. "ಸ್ನೇಹಲ ಮುಂಜಾನೆನ ಬಂದು ಹೇಳಿ ಹೋದ್ಲು. ಕಾಗವಾಡಕ್ಕ ನೀ ಹೋಗಿದ್ದಿ ಅಂತಲ್ಲ."

ಹನ್ನೊಂದು ವರ್ಷ ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಎಲ್ಲರ ಮುಂದೆ ನನ್ನ ಮಾತನ್ನೂ ಅವಳೇ ಆಡುತ್ತಿದ್ದಳು. ಇವತ್ತೂ ಆಡಿ ಹೋಗಿದ್ದಳು.

"ಇಲ್ರಿ," ಎಂದೆ. ದನಿ ಎಷ್ಟು ಜೋರಾಯಿತೆಂದರೆ ಆಚೆ ಮೇಜಿನವರು ತಿರುಗಿದರು. "ಆಕಿ ಹೋಗಿದ್ಲು. ನಾ ಹೋಗಬೇಕಿತ್ತು, ಅಂಜಿ ಹೋಗಲಿಲ್ಲ."

ನಂಬಿದರೋ ಇಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ. ಪಟ್ಟಿಯಲ್ಲಿ ಕಾಗವಾಡಕ್ಕೆ ಅಡ್ಡಗೆರೆ ಎಳೆದರು. ಉಳಿದ ನಾಲ್ಕು ತಾಲೂಕುಗಳಲ್ಲಿ ವೈವಿಧ್ಯ ಎಲ್ಲೂ ಇಳಿದಿರಲಿಲ್ಲ. ಸೆಮಿನಾರಿಗೆ ಕಳಿಸಲು ಏನೂ ಉಳಿಯಲಿಲ್ಲ.

"ಮತ್ತ ತರಬೇಕಾಗ್ತೈತಿ," ಎಂದರು. "ಇಬ್ರೂ ಹೋಗ್ತೀರೇನು?"

"ನಾ ಹೋಗ್ತೀನ್ರಿ," ಎಂದೆ.