ಬಾಣಂತಿ ನೀರು ಮತ್ತು ನನ್ನ ಹಳದಿ ಉರಿ

"ಏ ರೇಷ್ಮಾ, ಕೇಳಿಲ್ಲೆ! ನಮ್ಮಕ್ಕ ಆಟೋದಾಗ ಹಡದ್ಲ! ಖರೇನಲೇ! ದವಾಖಾನಿ ಗೇಟಿನ ಮುಂದ ಆಟೋ ನಿಂತಿತ್ತು, ಅಷ್ಟರಾಗ ಕುಂಯ್ ಅಂತು ಕೂಸು. ಹೆಣ್ಣು! ನಮ್ಮೆಲ್ಲಾರಿಗಿಂತ ಆಟೋದವನ ಜೋರ ಅತ್ತ!"

ಮಂದಾಕಿನಿ ಹೀಗೆ ಫೋನಿನಲ್ಲಿ ಕೂಗಾಡಿದ್ದು ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಸರಿಯಾಗಿ ನನ್ನ ಕೆಳಗೆ ನಿಂತು. ಅವ್ವನ ಕಣ್ಣು ತಪ್ಪಿಸಿ ಗೆಳತಿಯ ಜೊತೆ ಹರಟಲು ಅವಳಿಗೆ ಇರುವುದು ಇದೊಂದೇ ಜಾಗ. ಹಾಗಾಗಿ ಈ ಮನೆಯ ಸುದ್ದಿಯೆಲ್ಲ ನನ್ನ ಕಿವಿಗೂ ಬೀಳುತ್ತದೆ. ನಾನು ಒಂದು ಗ್ಯಾಸ್ ಗೀಸರ್. ಊರು ರಾಣೇಬೆನ್ನೂರು.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ. ಮೈ ತಗಡಿನದು, ಕರುಳು ತಾಮ್ರದ ಕೊಳವೆ. ಎದೆಯೊಳಗೆ ಸಣ್ಣ ಸಣ್ಣ ಸೀಳುಗಳಿರುವ ಬರ್ನರ್ ಇಟ್ಟು, ನೋಡಲೊಂದು ಪುಟ್ಟ ಗಾಜಿನ ಕಿಟಕಿ ಕೂರಿಸಿದರು. ನಳ ತಿರುಗಿಸಿದರೆ ಸಾಕು, ಒಳಗೆ ಟಕಟಕ ಎಂದು ಕಿಡಿ ಹಾರಿ ಉರಿ ಹೊತ್ತಿಕೊಳ್ಳುತ್ತದೆ. ಮೊದಲ ಸಲ ಹೊತ್ತಿಕೊಂಡಾಗ ಒಬ್ಬ ಹೆಣ್ಣುಮಗಳು ಬಗ್ಗಿ ನನ್ನ ಕಿಟಕಿಯೊಳಗೆ ಇಣುಕಿದಳು. "ನೀಲಿ ಇದೆ, ಕಳಿಸಿ" ಅಂದಳು. ಅಷ್ಟೇ ನನ್ನ ನಾಮಕರಣ.

ಗ್ಯಾಸ್ ನನ್ನ ಊಟ, ಗಾಳಿ ನನ್ನ ಉಸಿರು. ಉಸಿರು ಸಾಕಷ್ಟಿದ್ದರೆ ಊಟ ಪೂರ್ತಿ ಕರಗಿ, ಉರಿ ನೀಲಿಯಾಗಿ, ನೆಟ್ಟಗೆ ನಿಲ್ಲುತ್ತದೆ.

ಮೊದಲು ನನ್ನನ್ನು ಕೊಂಡವರು ಫಕೀರಪ್ಪ ಮೇಷ್ಟ್ರು. ಹಿತ್ತಿಲ ಹೊರಗೋಡೆಗೆ ತೂಗುಹಾಕಿದರು. ಅಲ್ಲಿ ಗಾಳಿಗೇನು ಬರವಿರಲಿಲ್ಲ, ಕೆಲವೊಮ್ಮೆ ಅತಿಯೇ ಆಗುತ್ತಿತ್ತು. ಮೈಗೆಲ್ಲ ಸೋಪು ಹಚ್ಚಿಕೊಂಡು ಮೇಷ್ಟ್ರು ಕೂತಾಗಲೇ ಜೋರು ಗಾಳಿ ಬಂದು ನಾನು ಆರಿಹೋಗುತ್ತಿದ್ದೆ. "ಕತ್ತಿ ಮಗನ! ಈಗ ಆರ್‍ಬೇಕಿತ್ತಾ ನೀ?" ಎಂದು ಅವರು ಒಳಗಿಂದಲೇ ಬೈಯುತ್ತಿದ್ದರು. ವರ್ಗವಾದಾಗ ಪಕ್ಕದ ಮನೆಯ ಗಿರಿಜವ್ವನಿಗೆ ನನ್ನನ್ನು ಕೊಟ್ಟುಹೋದರು. "ಗಾಳಿಗೆ ಭಾಳ ಆರತೈತಿ ನೋಡವ್ವಾ" ಎಂದೂ ಹೇಳಿದರು.

ಆ ಮಾತನ್ನು ಗಿರಿಜವ್ವ ಚೆನ್ನಾಗಿ ನೆನಪಿಟ್ಟುಕೊಂಡಳು. ಹಾಗಾಗಿ ನಾನು ಬಚ್ಚಲಮನೆಯ ಒಳಗೆ ಬಂದೆ.

ಗಿರಿಜವ್ವ ಶಾವಿಗೆ ಹೊಸೆದು ಮಾರುವವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಸ್ತೂರಿ, ಗದಗಕ್ಕೆ ಮದುವೆಯಾಗಿ ಹೋದವಳು. ಚಿಕ್ಕವಳು ಮಂದಾಕಿನಿ, ಪಿಯುಸಿ ಓದುತ್ತಾಳೆ, ಓದುವುದಕ್ಕಿಂತ ನಗುವುದೇ ಜಾಸ್ತಿ. ಪರೀಕ್ಷೆಯ ಹಿಂದಿನ ದಿನವೂ ಫೋನ್ ಹಿಡಿದು ಬಚ್ಚಲಿಗೆ ಬಂದಿದ್ದಳು. "ಬರಕೋ ರೇಷ್ಮಾ. ಆಕ್ಸಿಜನ್ ಸಾಕಾದ್ರ ಕಾರ್ಬನ್ ಡೈಆಕ್ಸೈಡು, ನೀರು, ನೀಲಿ ಉರಿ. ಸಾಲದಿದ್ರ ಕಾರ್ಬನ್ ಮಾನಾಕ್ಸೈಡು, ಮಸಿ, ಹಳದಿ ಉರಿ. ಮಾನಾಕ್ಸೈಡಿಗೆ ಬಣ್ಣಿಲ್ಲ, ವಾಸನಿಲ್ಲ. ನಿಮ್ಮ ಅಣ್ಣನ ಬುದ್ಧಿ ಇದ್ದಂಗ, ಐತೋ ಇಲ್ಲೋ ಗೊತ್ತಾಗೂದಿಲ್ಲ!" ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನ ಬಗ್ಗೆಯೇ ಮಾತಾಡುತ್ತಿದ್ದಾಳೆಂದು ನನಗೆ ಸ್ವಲ್ಪ ಹೆಮ್ಮೆಯಾಯಿತು.

ಬಚ್ಚಲಿನಲ್ಲಿ ಮೇಲೊಂದು ಗವಾಕ್ಷಿ ಇತ್ತು. ಅದರಿಂದ ಬರುವ ಗಾಳಿಯಲ್ಲೇ ನನ್ನ ದಿನಗಳು ಹೇಗೋ ನಡೆದಿದ್ದವು.

ಹೆರಿಗೆಗೆಂದು ತವರಿಗೆ ಬಂದಿದ್ದ ಕಸ್ತೂರಿ ಈಗ ಕೂಸಿನೊಡನೆ ದವಾಖಾನೆಯಿಂದ ಮನೆಗೆ ಬಂದಳು. ಅವಳಿಗೆ ಎಣ್ಣೆ ತಿಕ್ಕಿ ನೀರೆರೆಯುವ ದಿನ ಬಂತು. ಬಾಣಂತಿಗೆ ಗಾಳಿ ಸೋಕಬಾರದು. ಗಿರಿಜವ್ವ ಸ್ಟೂಲು ಹತ್ತಿ ತನ್ನದೊಂದು ಹಳೆಯ ಇಳಕಲ್ ಸೀರೆಯನ್ನು ಮಡಚಿ ಗವಾಕ್ಷಿಗೆ ಒತ್ತಿ ತುರುಕಿದಳು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ. ಆಮೇಲೆ ನಳ ತಿರುಗಿಸಿ, ಕೊಡದ ಮೇಲೆ ಕೊಡ ಬಿಸಿನೀರು.

ನಾನು ಇಷ್ಟು ಹೊತ್ತು ಎಡೆಬಿಡದೆ ಉರಿದದ್ದೇ ಇಲ್ಲ. ಇದ್ದ ಗಾಳಿಯನ್ನೇ ತಿರುತಿರುಗಿ ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಉರಿಯ ತುದಿ ಹಳದಿಗೆ ತಿರುಗಿ ಅಲ್ಲಾಡತೊಡಗಿತು. ಕಿಟಕಿಯ ಗಾಜಿಗೆ ಮಸಿ ಹತ್ತಿತು. ನನಗೆ ಬಾಯಿಲ್ಲ. ಬಣ್ಣವೊಂದೇ ನನ್ನ ಮಾತು, ಆದರೆ ಉಗಿಯ ನಡುವೆ ಯಾರೂ ತಲೆಯೆತ್ತಿ ನೋಡಲಿಲ್ಲ.

ಕಸ್ತೂರಿಗೆ ತಲೆ ಭಾರವಾಯಿತು. ಹಾಸಿಗೆಗೆ ಹೋದವಳು ಕಂಬಳಿ ಹೊದ್ದು ಅಲ್ಲೇ ನಿದ್ದೆಹೋದಳು. ಗಿರಿಜವ್ವನ ಮುಖ ಅರಳಿತು. "ಎಣ್ಣಿ ನೀರು ಮೈಗೆ ಹಿಡದೈತಿ. ಹಿಂಗ ನಿದ್ದಿ ಬರಬೇಕು ಬಾಣಂತಿಗೆ." ಅವಳ ತಲೆಯೂ ಸಿಡಿಯುತ್ತಿತ್ತು. ನಿದ್ದೆಗೆಟ್ಟಿದ್ದರಿಂದ ಎಂದುಕೊಂಡಳು.

ಮುಂದಿನ ಸಲ ಕಸ್ತೂರಿ, "ಎವ್ವಾ, ಹೊಟ್ಟಿ ತೊಳಸ್ತೈತಿ, ಸಾಕಬೇ" ಅಂದಳು.

"ಎಲ್ಲಿಂದೋ ಥಂಡಿ ಹೊಕ್ಕೈತಿ ನಿನಗ" ಎಂದು ಗಿರಿಜವ್ವ ಗವಾಕ್ಷಿಗೆ ಇನ್ನೊಂದು ಬಟ್ಟೆ ತುರುಕಿದಳು. ಮಗಳ ಮೇಲಿನ ಪ್ರೀತಿಯಿಂದಲೇ ಒಂದೊಂದೂ ಸಂದಿ ಮುಚ್ಚಿದಳು.

ಅದರಾಚೆಯ ಸಲ ತಾಯಿಯ ಸ್ನಾನವಾದ ಕೂಡಲೇ ಕೂಸಿಗೂ ಅಲ್ಲೇ ಎರೆಯುವುದೆಂದಾಗಿತ್ತು. ಗಿರಿಜವ್ವ ನಳ ಹಾಗೇ ಬಿಟ್ಟು, ಲೋಬಾನದ ಹೊಗೆಗೆ ಬಟ್ಟೆ ಹಿಡಿಯಲು ಹೊರಗೆ ಹೋದಳು. ಹೋಗುವಾಗ ಬಾಗಿಲು ಎಳೆದುಕೊಂಡಳು. ನನ್ನ ಉರಿಯಲ್ಲಿ ಆಗ ನೀಲಿಯೇ ಉಳಿದಿರಲಿಲ್ಲ. ಕಸ್ತೂರಿಯ ಕೈಯಿಂದ ತಂಬಿಗೆ ಜಾರಿ ಉರುಳಿತು. ಆಮೇಲೆ ಅವಳೂ ಗೋಡೆಗೆ ಒರಗಿದವಳು ಹಾಗೇ ಕೆಳಗೆ ಕುಸಿದಳು.

ಬಾಗಿಲಾಚೆ ಮಂದಾಕಿನಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. "ಅಕ್ಕಾ, ತಂಬಗಿ ಒಗದ್ಯಾ? ಸಿಟ್ಟ ಬಂತೇನಬೇ?" ಎಂದು ನಕ್ಕಳು. "ಅಕ್ಕಾ?" ಬಾಗಿಲು ತಳ್ಳಿದಳು. ಅಕ್ಕನನ್ನು ನೋಡಿದಳು. ಆಮೇಲೆ ತಲೆಯೆತ್ತಿ, ಮೊದಲ ಬಾರಿಗೆ, ನನ್ನ ಗಾಜಿನ ಕಿಟಕಿಯನ್ನು ನೋಡಿದಳು.

"ಎವ್ವಾ! ಹಳದಿ! ಉರಿ ಹಳದಿ ಐತಿ!"

ಕೂಸನ್ನು ನಡುಮನೆಯ ತೊಟ್ಟಿಲಿಗೆ ಹಾಕಿ ಓಡಿಬಂದು ನಳ ತಿರುವಿದಳು. ನಾನು ಆರಿದೆ. ಅಕ್ಕನ ಮೇಲೆ ಕಂಬಳಿ ಎಸೆದು, ಕಂಕುಳಲ್ಲಿ ಕೈಹಾಕಿ ಹಿತ್ತಿಲಿನತ್ತ ಎಳೆಯತೊಡಗಿದಳು.

ಗಿರಿಜವ್ವ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು. "ಹಸೀ ಮೈಯಾಗ ಹೊರಗ ಒಯ್ತೀಯಾ? ಗಾಳಿ ಬಡದ್ರ ಸಾಯ್ತಾಳ ಹುಡಿಗಿ!"

"ಗಾಳಿ ಇಲ್ದ ಸಾಯಾಕತ್ತಾಳ ಎವ್ವಾ! ಸರಿ ಅತ್ತಾಗ!"

ಗಿರಿಜವ್ವ ಕಸ್ತೂರಿಯ ಮುಖ ನೋಡಿದಳು. ಕೈಯಲ್ಲಿದ್ದ ಬೆಚ್ಚನೆಯ ಬಟ್ಟೆ ಕೆಳಗೆ ಬಿತ್ತು. ತಾನೇ ಬಾಗಿಲು ಪೂರ್ತಿ ತೆರೆದು, ಕಸ್ತೂರಿಯ ಕಾಲು ಹಿಡಿದುಕೊಂಡಳು. ಇಬ್ಬರೂ ಸೇರಿ ಅವಳನ್ನು ಹೊರಗೆ ಸಾಗಿಸಿದರು. ಒಳಗೆ ನಾನು ಕಿವಿಗೊಟ್ಟು ಕಾದೆ. ಬಹಳ ಹೊತ್ತೆನಿಸಿದ ಮೇಲೆ ಒಂದು ಕೆಮ್ಮು ಕೇಳಿತು. ಆಮೇಲೆ ಕಸ್ತೂರಿಯ ಸಣ್ಣ ದನಿ: "ಕೂಸೆಲ್ಲಿ?"

ದವಾಖಾನೆಯಲ್ಲಿ ಆಕ್ಸಿಜನ್ ಕೊಟ್ಟರಂತೆ. ಮಾರನೆಯ ದಿನ ಕಸ್ತೂರಿ, ಕೂಸು ಇಬ್ಬರನ್ನೂ ಮನೆಗೆ ಕರೆತಂದರು. ಕರೆದುಕೊಂಡು ಹೋದದ್ದೂ ತಂದದ್ದೂ ಅದೇ ಆಟೋದವನು, ಈ ಸಲವೂ ಅತ್ತನಂತೆ. ಇದೆಲ್ಲ ಮಂದಾಕಿನಿ ರೇಷ್ಮಾಗೆ ಹೇಳಿದ್ದು, ಈಗ ಬಾಗಿಲು ತೆರೆದಿಟ್ಟುಕೊಂಡು.

ಅಂದಿನಿಂದ ನಾನು ಉರಿದಿಲ್ಲ. ಹಿತ್ತಿಲ ಒಲೆಯಲ್ಲಿ ಹಂಡೆ ಕಾಯುತ್ತಿದೆ. ತಗಡಿಗೆ ತುಕ್ಕು ಹತ್ತಿದೆ, ಎದೆಯಲ್ಲಿ ಮಸಿ. ಗುಜರಿಯ ದಾರಿಯೇ ಸರಿ ಎಂದುಕೊಂಡು ಸುಮ್ಮನಿದ್ದೆ. ಗಿರಿಜವ್ವ ಅದನ್ನೇ ಬಾಯಿಬಿಟ್ಟು ಹೇಳಿದಳು. "ಒಗೀರಿ ಆ ಪೀಡಾನ."

"ಅದೇನ ಮಾಡೀತಬೇ? ಉಸರ ಕಟ್ಟಿತ್ತು ಅದಕ್ಕೂ" ಅಂದಳು ಮಂದಾಕಿನಿ.

ಗಿರಿಜವ್ವ ಸ್ಟೂಲು ಹತ್ತಿ ಗವಾಕ್ಷಿಯ ಸೀರೆ ಎಳೆದು ತೆಗೆದಳು. ಬೆಳಕು, ಗಾಳಿ ಎರಡೂ ಒಟ್ಟಿಗೆ ಒಳಗೆ ಬಂದವು. ಸೀರೆ ಒಗೆದು ಒಣಗಿಸಿ, ಅದರದೇ ತುಂಡು ಹರಿದು ಕಸ್ತೂರಿಯ ತಲೆಗೂ ಕಿವಿಗೂ ಬಿಗಿಯಾಗಿ ಕಟ್ಟಿದಳು. "ಕಿವ್ಯಾಗ ಗಾಳಿ ಹೋಗಬಾರ್ದು, ಅಷ್ಟ."

ಆಮೇಲೆ ಮಂದಾಕಿನಿಯ ಫೋನು ಕಿತ್ತುಕೊಂಡು, ನನ್ನ ಕೆಳಗೇ ನಿಂತು, ಪ್ಲಂಬರ್ ಮೌಲಾಲಿಗೆ ಹಚ್ಚಿದಳು.

"ಹೊರಗಿನ ಗ್ವಾಡಿಗೆ ಹಾಕೂದೈತಪ್ಪಾ. ಹೂಂ, ಹೊರಗ. ಆರಿದ್ರ ಆರ್ಲಿ, ಮತ್ತ ಹಚ್ಚಿಕೊಂಡ್ರಾತು. ಒಳಗಿನ ಮಸಿ ಎಲ್ಲಾ ತಗಿ. ಉರಿ ನೀಲಿ ಬರೂತನಾ ನಿನ್ನ ಬಿಡಂಗಿಲ್ಲ ಮತ್ತ, ಎದುರಿಗೆ ನಿಂತು ನೋಡ್ತೀನಿ. ನಾಳೆ ಮುಂಜಾನಿ ಏಳಕ್ಕ ಬಾ."